ದಣಿದ ಹೃದಯವೂ ಅರಿವಳಿಕೆಯ ಹದವೂ

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ನಮ್ಮ ಮನೆಗಳಲ್ಲಿ ಹಳೆಯದು. ಆ ಮಾತು ಅಕ್ಷರಶಃ ನಿಜವಾಗುವ ಸಂದರ್ಭವೊಂದುಂಟು. ಅದುವರೆಗೆ ಆರೋಗ್ಯವಾಗಿದ್ದ ಬಸುರಿಯ ಹೃದಯದ ಸ್ನಾಯು ದಿನ ತುಂಬುವ ಹೊತ್ತಿಗೆ, ಇಲ್ಲವೆ ಹೆತ್ತ ಕೆಲವು ತಿಂಗಳೊಳಗೆ, ಬೇರಾವ ಕಾರಣವೂ ಕಾಣದೆ ಸೋತುಬಿಡುತ್ತದೆ. ವೈದ್ಯರು ಇದನ್ನು ಪೆರಿಪಾರ್ಟಮ್ ಕಾರ್ಡಿಯೋಮಯೋಪತಿ ಎನ್ನುತ್ತಾರೆ. ಹೃದಯದ ಎಡಕೋಣೆ ಪ್ರತಿ ಬಡಿತಕ್ಕೂ ತನ್ನಲ್ಲಿರುವ ರಕ್ತದ ಅರ್ಧಕ್ಕಿಂತ ಹೆಚ್ಚನ್ನು ಹೊರದೂಡುವುದು ಸಹಜ. ಈ ರೋಗದಲ್ಲಿ ಆ ಪ್ರಮಾಣ ಸಾಮಾನ್ಯವಾಗಿ ಶೇಕಡ 45ಕ್ಕಿಂತ ಕೆಳಗಿಳಿಯುತ್ತದೆ.

ರೋಗ ಅಪರೂಪದ್ದು, ಅದು ತೊಡುವ ವೇಷವೋ ಅತಿ ಪರಿಚಿತವಾದುದು. ಏದುಸಿರು, ಕಾಲುಬಾವು, ಆಯಾಸ ಇವು ಯಾವ ತುಂಬುಬಸುರಿಗಿಲ್ಲ? ಹಿರಿಯರು ಸಮಾಧಾನ ಹೇಳಿ ಸುಮ್ಮನಾಗುತ್ತಾರೆ. ಆದರೆ ಮಲಗಿದೊಡನೆ ಉಸಿರು ಕಟ್ಟಿ ಎದ್ದು ಕೂರಬೇಕಾದರೆ ಅದನ್ನು ಬಸುರಿನ ಬಳಲಿಕೆಯೆಂದು ತಳ್ಳಿಹಾಕಲಾಗದು.

ಬೆಂಗಳೂರು ದಂಡಿನ ಶಿವಾಜಿನಗರದಲ್ಲಿ ಹಾಜಿ ಸರ್ ಇಸ್ಮಾಯಿಲ್ ಸೇಟರ ಹೆಸರು ಹೊತ್ತ ಗೋಷಾ ಆಸ್ಪತ್ರೆಯಿದೆ. ಗೋಷಾ ಎಂದರೆ ಪರದೆ. ಪರದೆಯ ಹೆಂಗಸರೂ ಸಂಕೋಚವಿಲ್ಲದೆ ವೈದ್ಯರಲ್ಲಿಗೆ ಬರಲೆಂಬ ಆಶಯ ಆ ಹೆಸರಿನಲ್ಲಿಯೇ ಅಡಗಿದೆ. ಅದೇ ಪ್ರದೇಶದ ಬೌರಿಂಗ್ ಆಸ್ಪತ್ರೆ ಮೈಸೂರಿನ ಕಮಿಷನರಾಗಿದ್ದ ಲೂಯಿನ್ ಬೌರಿಂಗರನ್ನು ನೆನಪಿಸುತ್ತದೆ. ಬಾಗಿಲು ತೆರೆದುದು ಹಿಂದಿನವರ ಪುಣ್ಯ. ಬಂದವಳ ಏದುಸಿರಿನ ಮರ್ಮವನ್ನು ಅರಿಯುವುದು ಇಂದಿನವರ ಹೊಣೆ.

1847ರಲ್ಲಿ ಎಡಿನ್‌ಬರೋದ ಸಿಂಪ್ಸನ್ ಪ್ರಸವಕ್ಕೆ ಕ್ಲೋರೋಫಾರಂ ಬಳಸಿದನು; 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಬೆನ್ನುಹುರಿಯ ಅರಿವಳಿಕೆಯನ್ನು ಪ್ರಯೋಗಿಸಿದನು. ಇಂದು ಸಿಸೇರಿಯನ್ ಶಸ್ತ್ರಕ್ರಿಯೆಗೆ ಬೆನ್ನಿಗೆ ಕೊಡುವ ಒಂದೇ ಸೂಜಿ ಬಹುಮಂದಿಗೆ ಸಾಕು. ದಣಿದ ಹೃದಯಕ್ಕಾದರೋ ಅದೇ ಸೂಜಿ ಗಂಡಾಂತರವಾಗಬಹುದು. ಔಷಧ ಏರಿದೊಡನೆ ಕೆಳಮೈಯ ರಕ್ತನಾಳಗಳು ಸಡಿಲಗೊಂಡು ರಕ್ತದೊತ್ತಡ ಥಟ್ಟನೆ ಕುಸಿಯುತ್ತದೆ. ಅದನ್ನು ಸರಿದೂಗಿಸುವ ಕಸುವು ಆ ಹೃದಯಕ್ಕಿಲ್ಲ. ಆದುದರಿಂದ ತಜ್ಞರು ಬೆನ್ನಿನಲ್ಲಿ ಸಣ್ಣ ನಳಿಕೆಯನ್ನಿರಿಸಿ ಔಷಧವನ್ನು ತುಸುತುಸುವೇ ಕೊಡುತ್ತಾರೆ. ಹೀಗೆ ನಿಧಾನವಾಗಿ ಸಡಿಲುವ ನಾಳಗಳು ಹೃದಯದ ಹೊರೆಯನ್ನು ಹಗುರಗೊಳಿಸುವುದೂ ಉಂಟು. ಶತ್ರುವಾಗಿದ್ದುದು ಹದ ಕಂಡೊಡನೆ ಮಿತ್ರನಾಗುತ್ತದೆ.

ಒತ್ತಡ ಇಳಿಯಿತೆಂದು ದ್ರವವನ್ನು ಧಾರಾಳವಾಗಿ ಹರಿಸುವಂತೆಯೂ ಇಲ್ಲ. ಅದು ಶ್ವಾಸಕೋಶದಲ್ಲಿ ತುಂಬೀತು. ಮಗು ಹೊರಬಂದ ಗಳಿಗೆಯಂತೂ ಅತಿ ಸೂಕ್ಷ್ಮವಾದುದು: ಗರ್ಭಕೋಶ ಸಂಕುಚಿಸಿ ಸುಮಾರು ಅರ್ಧ ಲೀಟರು ರಕ್ತವನ್ನು ಒಮ್ಮೆಲೆ ಹೃದಯದತ್ತ ಹಿಂದೂಡುತ್ತದೆ. ಆಗ ಆಕ್ಸಿಟೋಸಿನ್ನನ್ನೂ ಮೆಲ್ಲನೆ ಹರಿಸಬೇಕು. ಅಂಗಾತ ಮಲಗಲಾರದಷ್ಟು ಬಳಲಿದವಳಿಗೆ, ರಕ್ತ ಹೆಪ್ಪುಗಟ್ಟದಂತೆ ಔಷಧ ಆಗಷ್ಟೆ ಪಡೆದವಳಿಗೆ, ಪೂರ್ಣ ಅರಿವಳಿಕೆಯೇ ಗತಿಯಾಗಬಹುದು. ಆ ಔಷಧದ ಮಂಪರು ಕೂಸಿಗೂ ತಗಲಬಹುದಾದ್ದರಿಂದ ಮಕ್ಕಳ ವೈದ್ಯರು ಪಕ್ಕದಲ್ಲಿಯೇ ಕಾದಿರುತ್ತಾರೆ. ಸ್ಥಿತಿ ಸ್ಥಿಮಿತದಲ್ಲಿದ್ದವಳಿಗೆ ಸಹಜ ಹೆರಿಗೆಯೇ ಲೇಸೆಂಬುದನ್ನೂ ಮರೆಯಬಾರದು.

ಈ ಎಚ್ಚರವೆಲ್ಲ ಫಲಿಸುವುದು ರೋಗ ಮೊದಲೇ ಗೊತ್ತಾದಾಗ. ನೋವಿಲ್ಲದ ಎಕೋ ಪರೀಕ್ಷೆಯೊಂದು ಹೃದಯದ ಬಲವನ್ನು ಕೆಲವು ನಿಮಿಷಗಳಲ್ಲಿ ತೋರಿಸಿಕೊಡುತ್ತದೆ. ಅನೇಕರ ಹೃದಯ ಹೆರಿಗೆಯ ಬಳಿಕ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತದೆ. ಆದರೂ ಮತ್ತೊಂದು ಬಸುರಿನ ಯೋಚನೆಗೆ ಮುನ್ನ ಹೃದಯವೈದ್ಯರ ಮಾತು ಕೇಳಬೇಕು. ಬಸುರಿಯ ಬಯಕೆಯನ್ನು ಕೇಳಿ ತೀರಿಸುವ ಸಂಪ್ರದಾಯ ನಮ್ಮದು. ರಾತ್ರಿ ಮಲಗಿದರೆ ಉಸಿರು ಸರಾಗವಾಗಿ ಆಡುತ್ತದೆಯೆ ಎಂಬ ಪ್ರಶ್ನೆಯನ್ನೂ ಅದರ ಜೊತೆಗೆ ಕೇಳುವ ರೂಢಿ ಬರಲಿ.