ಆಡಿನ ಕಣ್ಣುರೆಪ್ಪೆ ಬಿಡಿಸಿ ನೋಡಿ

ಮಕ್ಕಳೇ, ‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆಯನ್ನು ನಿಮ್ಮ ಅಜ್ಜಿಯ ಬಾಯಲ್ಲಿ ಕೇಳಿರಬಹುದು. ಸೂರತ್, ವಡೋದರಾ ಕಡೆಯ ಬಿಳಿಯ ಸುರತಿ ಬಕರಿಯನ್ನಂತೂ ನೋಡಿಯೇ ಇರುತ್ತೀರಿ. ಹಾಲಿಗೆ ಹೆಸರಾದ ತಳಿ; ಬಹಳ ದೂರ ನಡೆಯಲಾರದು, ಕಟ್ಟಿ ಸಾಕಲು ಒಗ್ಗುತ್ತದೆ. ಬಿ.ಎ.ಗೆ ಇಂಗ್ಲಿಷ್ ಓದಿದ ಈ ಆಂಟಿಗೆ ಆಡಿನ ಜಂತುಹುಳದ ಉಸಾಬರಿ ಏಕೆಂದು ನಗಬೇಡಿ. ಕಾರಣವಿದೆ.

ಶಿರಾ ಬಳಿಯ ಹಳ್ಳಿಯಲ್ಲಿ ನನ್ನಕ್ಕನಿಗೆ ಎಂಟು ಆಡುಗಳಿದ್ದವು. ಒಂದು ಮಳೆಗಾಲದಲ್ಲಿ ನಾವು ಅಹಮದಾಬಾದಿನಿಂದ ಹೋದಾಗ ಒಂದು ಆಡಿನ ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಊತ. “ಎಲ್ಲಕ್ಕೂ ಎರಡು ತಿಂಗಳಿಗೊಂದ್ಸಲ ಔಷಧಿ ಕುಡಿಸ್ತಾನೇ ಇದೀವಲ್ಲೇ!” ಎಂದಳು ಅಕ್ಕ. ಮೂರನೆಯ ದಿನ ಅದು ಸತ್ತಿತು. ಅದರ ಮರಿಗೆ ನನ್ನ ಮಗಳು ಬಾಟಲಿಯಲ್ಲಿ ಹಾಲು ಕುಡಿಸುತ್ತಾ ಅಳುತ್ತಿದ್ದಳು.

ಪಶುವೈದ್ಯರು ಸತ್ತ ಆಡಿನ ನಾಲ್ಕನೆಯ ಹೊಟ್ಟೆ ಕೊಯ್ದು ತೋರಿಸಿದರು. ರಾಖಿಯ ದಾರದಂತೆ ಕೆಂಪು ಬಿಳಿ ಹೊಸೆದುಕೊಂಡ, ಅಂಗುಲದುದ್ದದ ಹುಳಗಳು. ಹೆಸರು ಹೀಮಾಂಕಸ್. ಒಂದೊಂದೂ ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಕಳೆಯುತ್ತದೆ. ಅಲ್ಪವೆನಿಸಿತೇ? ಸಾವಿರ ಹುಳ ಸೇರಿದರೆ 50 ಮಿಲಿಲೀಟರ್! ಹೆಣ್ಣುಹುಳ ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ಅವು ಹಿಕ್ಕೆಯೊಡನೆ ನೆಲಕ್ಕೆ ಬಿದ್ದು, ತೇವದಲ್ಲಿ ಮರಿಯಾಗಿ, ಇಬ್ಬನಿಯ ಹುಲ್ಲನ್ನು ಕೆಲವು ಅಂಗುಲ ಹತ್ತಿ ಕಾಯುತ್ತವೆ.

ಇಲ್ಲಿಯೇ ಗಾದೆಯ ಬೆಲೆ ತಿಳಿಯುವುದು. ಆಡು ಹುಟ್ಟಾ ಸೊಪ್ಪು ತಿನ್ನುವ ಪ್ರಾಣಿ. ಮೋಟು ಹುಲ್ಲಿಗೆ ಅದರ ಮೂತಿ ಇಳಿಸಿದವರು ನಾವು. ಆದ್ದರಿಂದ ಸೊಪ್ಪನ್ನು ಎತ್ತರಕ್ಕೆ ಕಟ್ಟಬೇಕು, ಇಬ್ಬನಿ ಆರಿದ ಮೇಲೆ ಮೇಯಲು ಬಿಡಬೇಕು, ಕೊಟ್ಟಿಗೆ ಒಣಗಿರಬೇಕು.

ಇನ್ನು ಔಷಧಿ. ಎಲ್ಲಕ್ಕೂ ಪದೇಪದೇ ಕುಡಿಸಿದರೆ ಔಷಧಿಗೆ ಜಗ್ಗದ ಹುಳಗಳಷ್ಟೇ ಉಳಿದು ಸಂತಾನ ಬೆಳೆಸುತ್ತವೆ. ಅಕ್ಕನ ಮನೆಯಲ್ಲಿ ಆದದ್ದು ಅದೇ. ದಕ್ಷಿಣ ಆಫ್ರಿಕಾದಲ್ಲಿ 1990ರ ದಶಕದಲ್ಲಿ ಪಶುವೈದ್ಯ ಫಾಫಾ ಮಲಾನ್ ಒಂದು ಉಪಾಯ ಕಂಡುಹಿಡಿದರು; ಅವರ ಹೆಸರಿನಿಂದಲೇ ಅದು ‘ಫಮಾಚಾ’. ಆಡಿನ ಕೆಳರೆಪ್ಪೆ ಬಿಡಿಸಿ, ಒಳಬಣ್ಣವನ್ನು ಐದು ಬಣ್ಣಗಳ ಕಾರ್ಡಿನೊಡನೆ ಹೋಲಿಸುವುದು. ಕೆಂಪಾಗಿದ್ದರೆ ಔಷಧಿ ಬೇಡ, ಬಿಳಿಚಿದ್ದರೆ ತಡಮಾಡಬಾರದು. ಒಂದು ಹಿಂಡಿನ ಬಹುಪಾಲು ಹುಳ ಕೆಲವೇ ಆಡುಗಳಲ್ಲಿರುತ್ತವೆಯಂತೆ! ಆದರೆ ಉಣ್ಣೆ ಕಚ್ಚಿದರೂ ರಕ್ತ ಕಡಿಮೆಯಾಗಿ ಕಣ್ಣು ಬಿಳಿಚಬಹುದು. ಸಂದೇಹವಿದ್ದರೆ ಹಿಕ್ಕೆ ಪರೀಕ್ಷೆ ಮಾಡಿಸಬೇಕು. ಕುರಿಯ ಅಳತೆಯ ಔಷಧಿ ಆಡಿಗೆ ಸಾಲದಿರಬಹುದು, ಆಡಿನ ದೇಹ ಅದನ್ನು ಬೇಗ ಕರಗಿಸುತ್ತದೆ. ತೂಕ ನೋಡಿ ವೈದ್ಯರೇ ಹೇಳಲಿ.

ನನ್ನ ಮಗಳೀಗ ವಡೋದರಾದಲ್ಲಿ ಕೆಲಸದಲ್ಲಿದ್ದಾಳೆ. ಅವಳ ಕನ್ನಡದಲ್ಲಿ ಗುಜರಾತಿಯೇ ಅರ್ಧ. ಆದರೂ ಮಳೆ ಶುರುವಾದೊಡನೆ ಶಿರಾಕ್ಕೆ ಫೋನು ಮಾಡುತ್ತಾಳೆ: “ದೊಡ್ಡಮ್ಮಾ, ಕಣ್ಣು ನೋಡಿದ್ಯಾ?” ಅಕ್ಕ ತನ್ನ ಕಣ್ಣಿನ ಪೊರೆಯ ಕಥೆ ಶುರುಮಾಡುತ್ತಾಳೆ. “ನಿಂದಲ್ಲ ದೊಡ್ಡಮ್ಮಾ, ಆಡಿಂದು!”