ಫಾರ್ಮಸಿಸ್ಟ್ ಆಗಿ ವಿದೇಶಕ್ಕೆ: ಪದವಿ ಬೇರೆ, ಪರವಾನಗಿ ಬೇರೆ

ಮೂಡಿಗೆರೆ, ಕಳಸ, ಚಿಕ್ಕಮಗಳೂರು ಕಡೆಯ ನಮ್ಮ ಮನೆಗಳಲ್ಲಿ ಫಾರ್ಮಸಿ ಓದುವ ಮಕ್ಕಳು ಈಗ ಅಪರೂಪವಲ್ಲ. ಕೆಲವರು ಘಟ್ಟ ಇಳಿದು ಮಂಗಳೂರಿಗೆ, ಇನ್ನು ಕೆಲವರು ಬೆಂಗಳೂರಿಗೆ ಹೋಗಿ ಡಿ.ಫಾರ್ಮಾ ಅಥವಾ ಬಿ.ಫಾರ್ಮಾ ಮುಗಿಸುತ್ತಾರೆ. ಕೈಗೆ ಸರ್ಟಿಫಿಕೇಟ್ ಬಂದ ಕೂಡಲೇ ಮನೆಯಲ್ಲಿ ಏಳುವ ಮಾತು, "ಗಲ್ಫ್‌ಗೆ ಹೋದರೆ ಹೇಗೆ?" ಈ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಆದರೆ ಅನೇಕರು ಮೊದಲು ಏಜೆಂಟರನ್ನು ಹುಡುಕುತ್ತಾರೆ, ಒಡವೆ ಅಡವಿಟ್ಟು ಹಣ ಕಟ್ಟುತ್ತಾರೆ, ನಿಯಮ ಏನೆಂದು ಕೊನೆಗೆ ವಿಚಾರಿಸುತ್ತಾರೆ. ನಿಯಮ ತಿಳಿಯುವ ಕೆಲಸ ಮೊದಲು ಆಗಬೇಕು.

ಪದವಿಯೆಂದರೆ ನೀವು ಕಲಿತಿದ್ದೀರಿ ಎಂಬುದಕ್ಕೆ ಸಾಕ್ಷಿ. ಪರವಾನಗಿಯೆಂದರೆ ಒಂದು ದೇಶದ ರೋಗಿಯ ಕೈಗೆ ಔಷಧ ಕೊಡಲು ಆ ದೇಶ ನೀಡುವ ಅನುಮತಿ. ನಮ್ಮಲ್ಲೂ ಹೀಗೆಯೇ. 1948ರ ಫಾರ್ಮಸಿ ಕಾಯ್ದೆಯ ಪ್ರಕಾರ, ಓದು ಮುಗಿಸಿದವರು ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್‌ನಂಥ ರಾಜ್ಯ ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಂಡ ಮೇಲಷ್ಟೇ ಫಾರ್ಮಸಿಸ್ಟ್ ಆಗುತ್ತಾರೆ. ಯುನಾನಿ ಪದವಿ ಪಡೆದ ನಾವೂ ಮಂಡಳಿಯಲ್ಲಿ ನೋಂದಾಯಿಸಿಕೊಂಡ ಬಳಿಕವೇ ರೋಗಿಯ ನಾಡಿ ಹಿಡಿಯುವುದು. ಇದು ಇಂದು ನಿನ್ನೆಯ ಪದ್ಧತಿಯೂ ಅಲ್ಲ. ಮಧ್ಯಯುಗದ ಅರಬ್ ನಗರಗಳಲ್ಲಿ ಮುಹ್ತಸಿಬ್ ಎಂಬ ಮಾರುಕಟ್ಟೆ ಅಧಿಕಾರಿ ಔಷಧ ಮಾರುವವರ ಅಂಗಡಿಗಳನ್ನೂ ತಪಾಸಣೆ ಮಾಡುತ್ತಿದ್ದ.

ಮತ್ತೆ ಪರೀಕ್ಷೆ ಯಾಕೆ?

"ಇಲ್ಲಿ ಓದಿ ಪಾಸಾದವರಿಗೆ ಅಲ್ಲಿ ಮತ್ತೆ ಪರೀಕ್ಷೆ ಯಾಕೆ ಡಾಕ್ಟ್ರೇ?" ಎಂದು ಹೆತ್ತವರು ಕೇಳುತ್ತಾರೆ. ಒಂದು ಉದಾಹರಣೆ ನೋಡಿ. ಮಕ್ಕಳ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಸಿರಪ್ ನಮ್ಮಲ್ಲಿ ಸಾಮಾನ್ಯವಾಗಿ 5 ಮಿ.ಲೀ.ಗೆ 120, 125 ಅಥವಾ 250 ಮಿ.ಗ್ರಾಂ. ಪ್ರಮಾಣದಲ್ಲಿ ಸಿಗುತ್ತದೆ. ಅಮೆರಿಕದಲ್ಲಿ ಅದು 160 ಮಿ.ಗ್ರಾಂ., ಹೆಸರೂ ಅಸೆಟಮಿನೋಫೆನ್. ಉಬ್ಬಸಕ್ಕೆ ಬಳಸುವ ಸಾಲ್ಬುಟಮಾಲ್‌ಗೆ ಅಲ್ಲಿ ಆಲ್ಬುಟೆರಾಲ್ ಎನ್ನುತ್ತಾರೆ. ಹೆಸರು, ಅಳತೆ ಗೊತ್ತಿಲ್ಲದವರು ಕೌಂಟರ್‌ನಲ್ಲಿ ನಿಂತರೆ ಮಗುವಿಗೆ ಸಿಗುವ ಔಷಧ ಹೆಚ್ಚೂಕಡಿಮೆಯಾಗುತ್ತದೆ. ಕಾನೂನೂ ಬೇರೆ. ಟ್ರಮಡಾಲ್, ಕೊಡೀನ್ ಇರುವ ಔಷಧಗಳ ಮೇಲೆ ಯುಎಇಯಲ್ಲಿ ಬಿಗಿಯಾದ ನಿಯಂತ್ರಣವಿದೆ. ಊರಿನಿಂದ ಯಾರಿಗೋ ಎಂದು ಬ್ಯಾಗಿನಲ್ಲಿ ಒಯ್ದವರೇ ಕಷ್ಟಕ್ಕೆ ಸಿಕ್ಕಬಹುದು. ಹಾಗಿರುವಾಗ ಅವುಗಳನ್ನು ಕೊಡುವ ಫಾರ್ಮಸಿಸ್ಟ್‌ಗೆ ಆ ಕಾನೂನು ತಿಳಿದಿರಲೇಬೇಕು.

ಆದ್ದರಿಂದ ಪ್ರತಿ ದೇಶವೂ ಮೂರು ಪ್ರಶ್ನೆ ಕೇಳುತ್ತದೆ. ನಿಮ್ಮ ದಾಖಲೆ ನಿಜವೇ? ನಿಮ್ಮ ಜ್ಞಾನ ಸಾಕೇ? ಇಲ್ಲಿನ ಭಾಷೆ, ಕಾನೂನು ಗೊತ್ತೇ?

ಗಲ್ಫ್ ದೇಶಗಳಲ್ಲಿ

ಯುಎಇಯಲ್ಲಿ ಪರವಾನಗಿ ಕೊಡುವ ಇಲಾಖೆ ಒಂದೇ ಅಲ್ಲ. ದುಬೈಗೆ ದುಬೈ ಹೆಲ್ತ್ ಅಥಾರಿಟಿ, ಅಬುಧಾಬಿಗೆ ಅಲ್ಲಿನ ಆರೋಗ್ಯ ಇಲಾಖೆ, ಶಾರ್ಜಾ, ಅಜ್ಮಾನ್ ಮುಂತಾದ ಕಡೆಗೆ ಕೇಂದ್ರ ಆರೋಗ್ಯ ಸಚಿವಾಲಯ. ಸೌದಿಯಲ್ಲಿ ಸೌದಿ ಕಮಿಷನ್ ಫಾರ್ ಹೆಲ್ತ್ ಸ್ಪೆಷಾಲಿಟೀಸ್ ಎಂಬ ಸಂಸ್ಥೆ 'ಮುಮಾರಿಸ್ ಪ್ಲಸ್' ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಅರ್ಜಿ ಪಡೆಯುತ್ತದೆ.

ಎರಡೂ ಕಡೆ 'ಡೇಟಾಫ್ಲೋ' ಎಂಬ ಕಂಪನಿ ದಾಖಲೆ ಪರಿಶೀಲಿಸುತ್ತದೆ. ಅದು ನಿಮ್ಮ ಸರ್ಟಿಫಿಕೇಟನ್ನು ನೋಡಿ ಸುಮ್ಮನಾಗುವುದಿಲ್ಲ. ಓದಿನ ಬಗ್ಗೆ ವಿಶ್ವವಿದ್ಯಾಲಯ ಅಥವಾ ಪರೀಕ್ಷಾ ಮಂಡಳಿಯನ್ನು, ನೋಂದಣಿಯ ಬಗ್ಗೆ ರಾಜ್ಯ ಕೌನ್ಸಿಲನ್ನು, ಅನುಭವದ ಬಗ್ಗೆ ಕೆಲಸ ಕೊಟ್ಟವರನ್ನು ನೇರವಾಗಿ ಕೇಳುತ್ತದೆ. ಇದರ ಜೊತೆಗೆ ಕಂಪ್ಯೂಟರ್ ಪರೀಕ್ಷೆಯನ್ನೂ ಪಾಸಾಗಬೇಕು.

ದುಬೈಯಲ್ಲಿ ಪರೀಕ್ಷೆ ಪಾಸಾದರೆ ಸಿಗುವುದು ಅರ್ಹತೆ ಮಾತ್ರ. ಪರವಾನಗಿ ಪಡೆದ ಫಾರ್ಮಸಿಯೋ ಆಸ್ಪತ್ರೆಯೋ ನಿಮ್ಮನ್ನು ಕೆಲಸಕ್ಕೆ ತೆಗೆದುಕೊಂಡಾಗ ಲೈಸೆನ್ಸ್ ಜಾರಿಗೆ ಬರುತ್ತದೆ. ವಿಸಿಟ್ ವೀಸಾದಲ್ಲಿ ಹೋಗಿ ಅಂಗಡಿಯಲ್ಲಿ ಔಷಧ ಕೊಡುವುದು ಅಪರಾಧ. ಡಿ.ಫಾರ್ಮಾ ಓದಿದವರಿಗೆ ಗಲ್ಫ್‌ನಲ್ಲಿ ಸಾಮಾನ್ಯವಾಗಿ ಸಿಗುವುದು ಟೆಕ್ನಿಷಿಯನ್ ಅಥವಾ ಸಹಾಯಕರ ದರ್ಜೆ. ಸೌದಿಯಲ್ಲಿ ಫಾರ್ಮಸಿ ಕೆಲಸಗಳ ಒಂದು ಪಾಲು ಅಲ್ಲಿನ ಪ್ರಜೆಗಳಿಗೇ ಮೀಸಲು ಎಂಬುದೂ ನೆನಪಿರಲಿ.

ಬೇರೆ ದೇಶಗಳಲ್ಲಿ

ಬ್ರಿಟನ್ನಿನ ದಾರಿ ಉದ್ದ. ಇಲ್ಲಿನ ಪದವೀಧರರು ಅಲ್ಲಿನ ವಿಶ್ವವಿದ್ಯಾಲಯದಲ್ಲಿ 'ಓಸ್ಪ್ಯಾಪ್' ಎಂಬ ಒಂದು ವರ್ಷದ ಕೋರ್ಸ್ ಮಾಡಿ, 52 ವಾರ ತರಬೇತಿ ಪಡೆದು, ನೋಂದಣಿ ಪರೀಕ್ಷೆ ಪಾಸಾಗಬೇಕು. ಈ ಪರೀಕ್ಷೆಗೆ ಮೂರು ಬಾರಿ ಮಾತ್ರ ಅವಕಾಶ. ಇಂಗ್ಲಿಷ್ ಭಾಷೆಯ ಸಾಮರ್ಥ್ಯವನ್ನೂ ತೋರಿಸಬೇಕು.

ಕೆನಡಾದಲ್ಲಿ ಮೊದಲು ದಾಖಲೆಗಳ ಮೌಲ್ಯಮಾಪನ, ನಂತರ ಎರಡು ಹಂತದ ಪರೀಕ್ಷೆ. ಅದರಲ್ಲಿ ರೋಗಿಯಂತೆ ನಟಿಸುವವರ ಜೊತೆ ಮಾತಾಡಿ ಸಲಹೆ ಕೊಡುವ ಭಾಗವೂ ಇದೆ. ಕೊನೆಯಲ್ಲಿ ಲೈಸೆನ್ಸ್ ಕೊಡುವುದು ಆಯಾ ಪ್ರಾಂತ್ಯ. ಆಸ್ಟ್ರೇಲಿಯಾದಲ್ಲಿ ಜ್ಞಾನ ಪರೀಕ್ಷೆಯ ಬಳಿಕ ಮೇಲ್ವಿಚಾರಣೆಯಲ್ಲಿ ತರಬೇತಿ ಇರುತ್ತದೆ.

ಅಮೆರಿಕದ ಕನಸು ಕಾಣುವವರು ಒಂದು ವಿಷಯ ಗಮನಿಸಿ. 2003ರ ಜನವರಿ 1ರಿಂದೀಚೆಗೆ ಪದವಿ ಪಡೆದವರು ಕನಿಷ್ಠ ಐದು ವರ್ಷದ ಫಾರ್ಮಸಿ ಕೋರ್ಸ್ ಮಾಡಿರಬೇಕು. ನಮ್ಮ ನಾಲ್ಕು ವರ್ಷದ ಬಿ.ಫಾರ್ಮಾ ಅಲ್ಲಿ ಸಾಲದು, ಆರು ವರ್ಷದ ಫಾರ್ಮ್.ಡಿ. ಈ ಷರತ್ತನ್ನು ಪೂರೈಸುತ್ತದೆ. ಕಾಲೇಜು ಸೇರುವ ಮೊದಲೇ ಇದು ತಿಳಿದಿದ್ದರೆ ನಿರ್ಧಾರ ಸುಲಭ.

ಹೆಸರಿನ ತೊಡಕು, ಸುಳ್ಳು ಕಾಗದದ ಅಪಾಯ

ನಮ್ಮವರ ಅರ್ಜಿ ಹೆಸರಿನ ಕಾರಣಕ್ಕೇ ಅಡ್ಡಿಯಾಗುವುದುಂಟು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಮೊಹಮ್ಮದ್', ಪಾಸ್‌ಪೋರ್ಟಿನಲ್ಲಿ 'ಮುಹಮ್ಮದ್'. ಒಂದರಲ್ಲಿ ತಂದೆಯ ಹೆಸರು ಪೂರ್ತಿ, ಇನ್ನೊಂದರಲ್ಲಿ ಇನಿಷಿಯಲ್ ಮಾತ್ರ. ಮದುವೆಯಾದ ಹೆಣ್ಣುಮಕ್ಕಳ ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಸೇರಿರುತ್ತದೆ. ಕೋರ್ಸ್ ಮುಗಿಯುವುದರೊಳಗೆ ಎಲ್ಲ ದಾಖಲೆಗಳಲ್ಲೂ ಹೆಸರು ಒಂದೇ ಇರುವಂತೆ ಸರಿಪಡಿಸಿಕೊಳ್ಳಿ.

ಇದಕ್ಕಿಂತ ದೊಡ್ಡ ಅಪಾಯ ಸುಳ್ಳು ಅನುಭವ ಪತ್ರ. "ಎರಡು ವರ್ಷದ ಲೆಟರ್ ನಾವೇ ಮಾಡಿಸಿಕೊಡುತ್ತೇವೆ" ಎನ್ನುವ ಏಜೆಂಟರಿದ್ದಾರೆ. ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ವರದಿ ನಿಮ್ಮ ಹೆಸರಿಗೆ ಅಂಟುತ್ತದೆ. ಮುಂದೆ ನಿಜವಾದ ಅನುಭವವಿದ್ದರೂ ನಂಬುವವರು ಸಿಗುವುದು ಕಷ್ಟ. ಏಜೆಂಟರಿಗೆ ನಷ್ಟವಿಲ್ಲ, ನಷ್ಟವೆಲ್ಲ ನಿಮ್ಮ ಮಗ ಅಥವಾ ಮಗಳಿಗೆ.

ಸರ್ಟಿಫಿಕೇಟನ್ನು ಊರಿನ ಮೆಡಿಕಲ್ ಅಂಗಡಿಗೆ ಬಾಡಿಗೆಗೆ ಕೊಟ್ಟು ವಿಮಾನ ಹತ್ತುವುದೂ ಅಷ್ಟೇ ತಪ್ಪು. ಗೋಡೆಯ ಮೇಲೆ ಫಾರ್ಮಸಿಸ್ಟ್‌ನ ಹೆಸರು, ಕೌಂಟರ್‌ನಲ್ಲಿ ಔಷಧದ ಗಂಧವೇ ಇಲ್ಲದ ಹುಡುಗ. ಅವನು ತಪ್ಪು ಮಾತ್ರೆ ಕೊಟ್ಟರೆ ತಿನ್ನುವುದು ನಮ್ಮದೇ ಊರಿನ ಬೀಪಿಯ ಅಜ್ಜಿ, ಬಸುರಿ ಹೆಂಗಸು. ದುಬೈಯ ರೋಗಿಗೆ ಸಿಗುವ ರಕ್ಷಣೆ ಮೂಡಿಗೆರೆಯ ರೋಗಿಗೂ ಸಿಗಬೇಕಲ್ಲವೇ?

ಹೊರಡುವ ಮೊದಲು

* ರಾಜ್ಯ ಕೌನ್ಸಿಲ್ ನೋಂದಣಿ ಮಾಡಿಸಿ, ಅವಧಿ ಮೀರದಂತೆ ನವೀಕರಿಸಿ.
* ಕೌನ್ಸಿಲ್‌ನಿಂದ 'ಗುಡ್ ಸ್ಟ್ಯಾಂಡಿಂಗ್' ಪತ್ರವನ್ನು ಅರ್ಜಿ ಹಾಕುವ ಸಮಯಕ್ಕೆ ಸರಿಯಾಗಿ ಪಡೆಯಿರಿ. ತೀರಾ ಮೊದಲೇ ತೆಗೆದಿಟ್ಟದ್ದು ಉಪಯೋಗಕ್ಕೆ ಬಾರದು.
* ಪರವಾನಗಿ ಪಡೆದ ಅಂಗಡಿ ಅಥವಾ ಆಸ್ಪತ್ರೆಯಲ್ಲಿ ಕೆಲಸ ಮಾಡಿ. ನೇಮಕಾತಿ ಪತ್ರ, ಸಂಬಳದ ದಾಖಲೆ ಜೋಪಾನವಾಗಿಡಿ.
* ನಿಯಮ ಬದಲಾಗುತ್ತಿರುತ್ತದೆ. ಹಣ ಕಟ್ಟುವ ಮೊದಲು ಆ ದೇಶದ ಇಲಾಖೆಯ ಜಾಲತಾಣವನ್ನು ಮಕ್ಕಳೊಂದಿಗೆ ಕುಳಿತು ಓದಿ.
* ಏಜೆಂಟರ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ ನೋಡಿ. ನೋಂದಾಯಿತ ಏಜೆಂಟರು ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ.

ಒಂದೆರಡು ವರ್ಷ ಊರಿನಲ್ಲೇ ಪ್ರಾಮಾಣಿಕವಾಗಿ ದುಡಿದ ಅನುಭವ ಎಲ್ಲಿಗೆ ಹೋದರೂ ಕೈಹಿಡಿಯುತ್ತದೆ. ಆ ಕಾಲವನ್ನು ನಿಮ್ಮ ಮಕ್ಕಳಿಗೆ ಕೊಡಿ, ಅವಸರಪಡಿಸಬೇಡಿ.