ಮದುವೆಯ ಚಿತ್ರ ತಟ್ಟೆಗೆ ಇಳಿಯುವಾಗ

ಮನೆಯಲ್ಲೊಂದು ಮದುವೆ ನಡೆದರೆ ಚಪ್ಪರ ಬಿಚ್ಚುವ ಮುನ್ನವೇ ಅದರ ವಿಡಿಯೋ ಹತ್ತಾರು ಮೊಬೈಲುಗಳನ್ನು ಸೇರಿರುತ್ತದೆ. ಅಜ್ಜಿಗೆ ಮಾತ್ರ ಅದು ದಕ್ಕುವುದಿಲ್ಲ. ಅಂಗೈಯಗಲದ ಗಾಜಿನಲ್ಲಿ ಮೊಮ್ಮಗಳ ಮುಖವನ್ನು ಹುಡುಕಲು ಆಕೆಯ ಕಣ್ಣು ಒಪ್ಪದು. ಟಿವಿಯ ಕೆಳಗಿನ ಹಳೆಯ ಪೆಟ್ಟಿಗೆಯಲ್ಲಿ ತಟ್ಟೆಯನ್ನಿಟ್ಟು ಗುಂಡಿಯೊತ್ತಿದರೆ ಚಿತ್ರ ಮೂಡಬೇಕು. ಹೀಗಾಗಿ ವಿಡಿಯೋವನ್ನು ಡಿವಿಡಿಗೆ ಇಳಿಸುವ ಕೆಲಸ ಕೆಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಇಳಿಸಿದ ಬಳಿಕ ಕೇಳಿಬರುವ ದೂರು ಮಾತ್ರ ಒಂದೇ: ಚಿತ್ರ ಮಸುಕಾಯಿತು!

ಇದಕ್ಕೆ ಕಾರಣ ದೂರವಿಲ್ಲ. ಡಿವಿಡಿ 1996ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದದ್ದು. ಅದರ ಚೌಕಟ್ಟು ಅಂದಿನ ಟಿವಿಯ ಅಳತೆಯದು. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಅಡ್ಡಕ್ಕೆ 720, ಲಂಬಕ್ಕೆ 576 ಬಿಂದುಗಳು. ಇಂದಿನ ಮೊಬೈಲು ಸಾಮಾನ್ಯವಾಗಿ ಹಿಡಿಯುವ ಚಿತ್ರದಲ್ಲಾದರೋ 1920 ಮತ್ತು 1080. ಗುಣಿಸಿ ನೋಡಿದರೆ ಐದರಲ್ಲಿ ಒಂದು ಪಾಲಿಗೆ ಮಾತ್ರ ತಟ್ಟೆಯಲ್ಲಿ ಎಡೆಯಿದೆ. ಗುಣ ಕಿಂಚಿತ್ತೂ ಕೆಡದೆಂದು ಯಾರಾದರೂ ಭರವಸೆಯಿತ್ತರೆ ನಂಬಬೇಕಾಗಿಲ್ಲ. ಹಳೆಯ ವಿಎಚ್‌ಎಸ್ ಟೇಪಿನ ಮಾತು ಬೇರೆ. ಅದರಲ್ಲಿರುವ ವಿವರವೇ ಡಿವಿಡಿಯ ಚೌಕಟ್ಟಿಗಿಂತ ಕಡಿಮೆ.

ಆದರೂ ನಮ್ಮ ಕೈಯಲ್ಲಿರುವುದು ಅಲ್ಪವೇನಲ್ಲ. ಸಾಮಾನ್ಯ ತಟ್ಟೆಯೊಂದರಲ್ಲಿ ಹಿಡಿಯುವುದು 470 ಕೋಟಿ ಬೈಟುಗಳು. ಒಂದು ಗಂಟೆಯ ಚಿತ್ರವಾದರೆ ಪ್ರತಿ ಸೆಕೆಂಡಿಗೆ ಸುಮಾರು 90 ಲಕ್ಷ ಬಿಟ್‌ಗಳನ್ನು ಧಾರಾಳವಾಗಿ ಕೊಡಬಹುದು. ಎರಡು ಗಂಟೆಗೆ ಅದು 50 ಲಕ್ಷಕ್ಕಿಳಿಯುತ್ತದೆ. ಮೂರಕ್ಕೆ 32 ಲಕ್ಷದ ಆಸುಪಾಸು. ಈ ಬಡತನದ ಪೆಟ್ಟು ಬೀಳುವುದು ಮುಖ್ಯ ಘಳಿಗೆಯಲ್ಲೇ. ತಟ್ಟೆಯ ಎಂಪೆಗ್-2 ಪದ್ಧತಿ ಬಹುಮಟ್ಟಿಗೆ ಒಂದು ಚಿತ್ರಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆದಿಡುತ್ತದೆ. ಕುರ್ಚಿಯಲ್ಲಿ ತೂಕಡಿಸುವ ಬೀಗರಿಗೆ ಅಲ್ಪವೇ ಸಾಕು. ಮಾಂಗಲ್ಯಧಾರಣೆಯ ಹೊತ್ತಿನ ಅಕ್ಷತೆಯ ಮಳೆಯಲ್ಲಿ ಪ್ರತಿಯೊಂದು ಕಾಳೂ ಚಲಿಸುತ್ತಿರುತ್ತದೆ! ಬಿಟ್‌ಗಳು ಸಾಲದಾದಾಗ ಮದುಮಕ್ಕಳ ಮುಖವೇ ಚೌಕಚೌಕವಾಗಿ ಒಡೆಯುತ್ತದೆ. ಆದುದರಿಂದ ಮೂರು ಗಂಟೆಯ ಮದುವೆಯನ್ನು ಎರಡು ತಟ್ಟೆಗಳಿಗೆ ಹಂಚುವುದು ಲೇಸು. ಎರಡು ಸುತ್ತಿನ ಪರಿವರ್ತನೆಯನ್ನೂ ಆರಿಸಬೇಕು. ಎಲೆಗಳನ್ನು ಎಣಿಸಿ ಬಡಿಸುವ ಅಡಿಗೆಯವನಂತೆ, ತಂತ್ರಾಂಶ ಮೊದಲು ಇಡೀ ಚಿತ್ರವನ್ನು ನೋಡಿ, ಬಳಿಕ ಅಗತ್ಯವಿದ್ದೆಡೆಗೆ ಹೆಚ್ಚು ಬಿಟ್‌ಗಳನ್ನು ನೀಡುತ್ತದೆ.

ಇನ್ನು ವೇಗದ ವಿಷಯ. ಮೊಬೈಲು ಸಾಮಾನ್ಯವಾಗಿ ಸೆಕೆಂಡಿಗೆ 30 ಚಿತ್ರಗಳನ್ನು ಹಿಡಿದರೆ, ಪಾಲ್ ತಟ್ಟೆಯಲ್ಲಿರುವುದು 25. ಐದನ್ನು ಕಿತ್ತೆಸೆದರೆ ನಡಿಗೆ ಕುಂಟುತ್ತದೆ. ಮನೆಯ ಯಂತ್ರ ಎನ್‌ಟಿಎಸ್‌ಸಿ ತಟ್ಟೆಯನ್ನೂ ಓದುವುದಾದರೆ ಅದನ್ನೇ ಆರಿಸಬಹುದು. ಅಲ್ಲಿ ಲಂಬದ ಬಿಂದುಗಳು 480 ಮಾತ್ರವಾದರೂ ಚಲನೆ ಸುಗಮ. ಅಗಲ ಪರದೆಯ ಗುರುತನ್ನು, ಎಂದರೆ 16:9 ಎಂಬುದನ್ನು, ಮರೆಯಬಾರದು. ಮರೆತರೆ ಮದುಮಗಳು ಕಂಬದಂತೆ ಸಪೂರಳಾಗುತ್ತಾಳೆ.

ಎಲ್ಲಕ್ಕೂ ಮೊದಲು ಕಡತ ಬಂದ ದಾರಿಯನ್ನು ವಿಚಾರಿಸಬೇಕು. ವಾಟ್ಸಾಪಿನಲ್ಲಿ ವಿಡಿಯೋ ಆಗಿ ಬಂದದ್ದು ದಾರಿಯಲ್ಲೇ ಸೊರಗಿರುತ್ತದೆ. ಚಿತ್ರ ತೆಗೆದವರಿಂದಲೇ ಮೂಲವನ್ನು ಪಡೆಯಬೇಕು. ಆ ಮೂಲವನ್ನು ತಟ್ಟೆಯಾದ ಮೇಲೆ ಅಳಿಸದೆ ಎರಡು ಕಡೆ ಕಾಪಿಡುವುದು ಅವಶ್ಯ. ಬರೆಯುವ ಡಿವಿಡಿಯ ಬಣ್ಣದ ಪದರ ಬಿಸಿಲಿಗೆ ಕೆಡುತ್ತದೆ, ಮೈಗೆ ಗೀರು ಬೀಳುತ್ತದೆ. ಮೂಲವಿದ್ದರೆ ಇನ್ನೊಂದು ತಟ್ಟೆಯನ್ನು ಒಂದು ಸಂಜೆಯಲ್ಲಿ ಮಾಡಿಕೊಳ್ಳಬಹುದು. ತಟ್ಟೆಯಿಂದ ಮೂಲವನ್ನು ಮರಳಿ ಪಡೆಯುವ ಉಪಾಯವಿಲ್ಲ.